ಗಂಗಾದೇವಿ ಅಕ್ಕಾವರು ಮತ್ತು ಖಾನಾಪುರ ಗಾಡಿಯ ಇತಿಹಾಸ ಪಾಠ

ಬೆಳಗಾವಿಯ ಕಾಲೇಜುಗಳಲ್ಲಿ ಕನ್ನಡದಲ್ಲಿಯೇ ಇತಿಹಾಸವನ್ನು ಬೋಧಿಸಿ, ಆ ಬೋಧನೆಗೆ ಇಂಗ್ಲಿಷ್ ಪಾಠದಷ್ಟೇ ಮರ್ಯಾದೆಯನ್ನು ಗಳಿಸಿಕೊಟ್ಟವರನ್ನು ಎಣಿಸಲು ಕುಳಿತರೆ, ಪ್ರೊಫೆಸರ್ ಗಂಗಾದೇವಿ ಚನ್ನಬಸಯ್ಯ ಕಾದರವಳ್ಳಿಮಠ ಅವರ ಹೆಸರು ಮೊದಲ ಬೆರಳಿಗೇ ಬರುತ್ತದೆ. ಅವರ ಪಾಂಡಿತ್ಯವನ್ನು ಕುರಿತು ಈ ಅಭಿನಂದನ ಸಂಪುಟದಲ್ಲಿ ಬಲ್ಲವರು ಬರೆದಿದ್ದಾರೆ. ಶಾಸನಗಳನ್ನು ಅವರು ಓದುವ ಬಗೆ, ಇಸವಿಗಳನ್ನು ಹುಡುಗರಿಗೆ ಕಥೆಯಂತೆ ಉಣಿಸುವ ಬಗೆ, ಇವೆಲ್ಲ ಅಲ್ಲಿ ಬಂದಿವೆ. ಇಲ್ಲಿ ಹೇಳಬೇಕಾದದ್ದು ಬೇರೊಂದು. ಪರೀಕ್ಷೆಯ ಕೋಣೆಯಲ್ಲಿ ಅಕ್ಕಾವರು ಹೇಗಿದ್ದರು, ಆ ಕೋಣೆಯಿಂದ ಹೊರಬಿದ್ದ ಹುಡುಗ ಹುಡುಗಿಯರ ಜೊತೆ ಹೇಗಿದ್ದರು ಎಂಬುದನ್ನು ಹೇಳದೆ ಹೋದರೆ ಅವರ ಮೂವತ್ತು ವರ್ಷದ ಸೇವೆಯ ಬೆನ್ನೆಲುಬನ್ನೇ ಬಿಟ್ಟಂತಾದೀತು.

ಖಾನಾಪುರ ತಾಲ್ಲೂಕಿನ ಬೀಡಿಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದ ಚನ್ನಬಸಯ್ಯನವರ ಹಿರಿಯ ಮಗಳಾಗಿ ಹುಟ್ಟಿ, ಹೆಣ್ಣುಮಕ್ಕಳು ನಾಲ್ಕನೆಯ ಇಯತ್ತೆಗೆ ಸಾಲಿ ಬಿಡುತ್ತಿದ್ದ ಕಾಲದಲ್ಲಿ ಎಂ.ಎ. ತನಕ ಓದಿ, ೧೯೫೮ರಲ್ಲಿ ನಮ್ಮ ಕಾಲೇಜಿನ ಮೆಟ್ಟಿಲು ಹತ್ತಿದವರು ಅವರು. ಆಗ ಅಧ್ಯಾಪಕರ ಕೋಣೆಯಲ್ಲಿ ಸೀರೆ ಉಟ್ಟವರು ಅವರೊಬ್ಬರೇ. ಹಳ್ಳಿಯಿಂದ ಬಂದ ಹುಡುಗಿಯರಿಗೆ 'ಮೇಡಂ' ಎಂಬ ಮಾತು ನಾಲಗೆಗೆ ಹತ್ತುತ್ತಿರಲಿಲ್ಲ. ಸಾಲಿಯ ರೂಢಿಯಂತೆ 'ಅಕ್ಕಾವ್ರ' ಎಂದು ಕರೆದರು. ಪ್ರಾಚಾರ್ಯರು ಇದು ಕಾಲೇಜಿನ ಘನತೆಗೆ ತಕ್ಕುದಲ್ಲವೆಂದು ಒಮ್ಮೆ ಗೊಣಗಿದಾಗ, "ಇರಲಿ ಬಿಡ್ರಿ ಸರ್, ಅಕ್ಕನ ಮುಂದ ಸುಳ್ಳು ಹೇಳೂದು ಮೇಡಮ್ಮನ ಮುಂದ ಹೇಳಿದಷ್ಟು ಸಸಾರ ಅಲ್ಲ" ಎಂದರಂತೆ. ಅಂದಿನಿಂದ ಅವರು ಎಲ್ಲರಿಗೂ ಅಕ್ಕಾವರೇ.

ಎಪ್ಪತ್ತರ ದಶಕದ ಆರಂಭದಲ್ಲಿ ಪರೀಕ್ಷೆಗಳು ಹೇಗಿದ್ದವೆಂಬುದನ್ನು ಈಗಿನವರಿಗೆ ನೆನಪಿಸಬೇಕು. ಏಪ್ರಿಲ್ ಬಂತೆಂದರೆ ಕಾಲೇಜಿನ ಹಿಂದಿನ ಗೋಡೆಗೆ ಏಣಿ ಬರುತ್ತಿತ್ತು. ಒಳಗೆ ಬರೆಯುವವ ಒಬ್ಬ, ಹೊರಗೆ ಅವನ ಕಾಕಾ, ಮಾಮಾ, ಅಣ್ಣ, ಅಣ್ಣನ ಗೆಳೆಯ ಹೀಗೆ ಒಂದು ದಂಡು. ಕಿಟಕಿಯಿಂದ ಚೀಟಿ ಒಳಗೆ, ಪ್ರಶ್ನೆ ಹೊರಗೆ. ಎದುರಿನ ಚಹಾದಂಗಡಿಯವನು ಆ ಹದಿನೈದು ದಿನ ಎರಡು ಹಂಡೆ ಹೆಚ್ಚಿಗೆ ಚಹಾ ಕಾಯಿಸುತ್ತಿದ್ದ. ಗದರಿಸಿದ ಮೇಲ್ವಿಚಾರಕರ ಸೈಕಲ್ಲಿನ ಗಾಳಿ ಸಂಜೆ ಇಳಿದಿರುತ್ತಿತ್ತು. ಸಿಕ್ಕಿಬಿದ್ದವರನ್ನು ಒಂದರಿಂದ ಮೂರು ವರ್ಷದ ತನಕ ಪರೀಕ್ಷೆಗೆ ಕೂಡದಂತೆ ಮಾಡುವ ಕಾನೂನಿತ್ತು. ಆದರೆ ಹಿಡಿಯುವವರು ಇರಲಿಲ್ಲ, ಹಿಡಿದವರಿಗೆ ಬರೆದುಕೊಡುವ ಧೈರ್ಯವಿರಲಿಲ್ಲ.

ಅಕ್ಕಾವರು ಹಿರಿಯ ಮೇಲ್ವಿಚಾರಕಿಯಾದ ವರ್ಷ ಮಾಡಿದ ಮೊದಲ ಕೆಲಸ, ಪರೀಕ್ಷೆಯ ಕೋಣೆಗಳ ಬಾಗಿಲಲ್ಲಿ ಒಂದೊಂದು ಬಿದಿರಿನ ಬುಟ್ಟಿ ಇಡಿಸಿದ್ದು. ಗಂಟೆಯಾಗುವ ಮೊದಲು ಬುಟ್ಟಿಗೆ ಬಿದ್ದದ್ದನ್ನು ಯಾರದೆಂದು ಕೇಳುವುದಿಲ್ಲ, ಬರೆಯುವವರ ಮುಖವನ್ನೂ ನೋಡುವುದಿಲ್ಲ. ಗಂಟೆಯಾದ ಮೇಲೆ ಸಿಕ್ಕರೆ ತಮ್ಮಪ್ಪನದಾದರೂ ಬಿಡುವುದಿಲ್ಲ ಎಂದು ಸಾರಿದರು. ಹೇಳಿದಂತೆಯೇ ಬುಟ್ಟಿಯ ಕಡೆಗೆ ಬೆನ್ನು ಮಾಡಿ ನಿಲ್ಲುತ್ತಿದ್ದರು. ಮೊದಲ ದಿನ ಬುಟ್ಟಿಗಳು ತಳ ಕಾಣುತ್ತಿದ್ದವು. ಮೂರನೆಯ ದಿನದ ಹೊತ್ತಿಗೆ ತುಂಬಿ ಚೆಲ್ಲಿದವು. ಆ ಚೀಟಿಗಳನ್ನು ಒಲೆಗೆ ಹಾಕಿ ಚಹಾ ಮಾಡಿಸಿ, ಮೇಲ್ವಿಚಾರಕರಿಗೆಲ್ಲ ಕೊಟ್ಟು, "ಕುಡೀರಿ, ಇದರಾಗ ಇಡೀ ಸಿಲೆಬಸ್ ಐತಿ" ಎಂದು ನಗುತ್ತಿದ್ದರು.

ಗಂಟೆಯ ನಂತರದ ಮಾತನ್ನೂ ನಡೆಸಿ ತೋರಿಸಿದರು. ಆಡಳಿತ ಮಂಡಳಿಯ ಹಿರಿಯರೊಬ್ಬರ ಅಕ್ಕನ ಮಗ ಕಾಲ್ಚೀಲದಲ್ಲಿ ಚೀಟಿ ಇಟ್ಟು ಸಿಕ್ಕುಬಿದ್ದ. ಹಿರಿಯರು ಕಾರಿನಲ್ಲಿ ಬಂದಿಳಿದು, "ಹುಡುಗರು ಅಂದ್ರ ಹುಡುಗಾಟ ಇರತೈತ್ರಿ ಅಕ್ಕಾವ್ರ, ಇಷ್ಟಕ್ಕ ಯಾಕ ರಿಪೋರ್ಟ್" ಎಂದರು. ಅಕ್ಕಾವರು ಅವರನ್ನು ಕೂಡ್ರಿಸಿ, ನೀರು ತರಿಸಿ, "ಖರೇ ಅದರಿ. ನಿಮ್ಮ ಅಂಗಡ್ಯಾಗ ಒಂದು ಹುಡುಗ ತಕ್ಕಡಿ ಕೆಳಗ ಮೇಣ ಹಚ್ಚಿದ್ರ ನೀವೂ ಹುಡುಗಾಟ ಅಂತೀರಿ ಅಲ್ರಿ?" ಎಂದು ಕೇಳಿದರು. ಹಿರಿಯರು ನೀರು ಕುಡಿದು ಎದ್ದು ಹೋದರು. ಅಕ್ಕಾವರ ಮುಂದಿನ ಬಡ್ತಿ ನಾಲ್ಕು ವರ್ಷ ತಡವಾದದ್ದಕ್ಕೂ ಇದಕ್ಕೂ ಸಂಬಂಧವಿತ್ತೇ ಎಂದು ಕೇಳಿದವರಿಗೆ, ಇತಿಹಾಸದಲ್ಲಿ ಒಂದಾದ ಮೇಲೆ ಒಂದು ನಡೆದ ಮಾತ್ರಕ್ಕೆ ಒಂದಕ್ಕೊಂದು ಕಾರಣವಾಗುವುದಿಲ್ಲವೆಂದು ಪಾಠದ ಧಾಟಿಯಲ್ಲೇ ಉತ್ತರಿಸಿಬಿಡುತ್ತಿದ್ದರು.

ಇಷ್ಟು ಕೇಳಿದವರು ಅವರನ್ನು ಬರೀ ಕಠಿಣ ಮನುಷ್ಯರೆಂದು ತಿಳಿದಾರು. ತೋಳಿನ ಮೇಲೆ ಮಸಿಯಿಂದ ಇಸವಿಗಳನ್ನು ಬರೆದುಕೊಂಡು ಸಿಕ್ಕ ಗುರುಸಿದ್ದನನ್ನು ಕೇಳಿ ನೋಡಬೇಕು. ವರದಿ ಹೋಯಿತು, ಅವನ ವರ್ಷವೂ ಹೋಯಿತು. ಆದರೆ ಆ ವರ್ಷವಿಡೀ ಪ್ರತಿ ರವಿವಾರ ಅವನು ಅಕ್ಕಾವರ ಮನೆಯ ಪಡಸಾಲೆಯಲ್ಲಿ ಕುಳಿತು ಓದಿದ, ಮಧ್ಯಾಹ್ನ ಅಲ್ಲಿಯೇ ರೊಟ್ಟಿ ತಿಂದ. ಈಗ ಆಟೋ ನಗರದಲ್ಲಿ ಸ್ವಂತ ಗ್ಯಾರೇಜು ಇಟ್ಟಿರುವ ಗುರುಸಿದ್ದ, "ಅಕ್ಕಾವ್ರು ನನಗ ಹೊಡದ್ರು ಅಂತ ಮಂದಿ ತಿಳದಾರ. ಹೊಡೀಲಿಲ್ರೀ, ಹೊಟ್ಟಿಗಿ ಹಾಕಿದ್ರು" ಎನ್ನುತ್ತಾನೆ.

ಹೀಗೆ ನಾಲ್ಕೈದು ವರ್ಷದಲ್ಲಿ ನಮ್ಮ ಪರೀಕ್ಷಾ ಕೇಂದ್ರವೆಂದರೆ ನಂಬಬಹುದಾದ ಕೇಂದ್ರವೆಂಬ ಮಾತು ಊರಲ್ಲಿ ಹುಟ್ಟಿತು. ಸರಿಯಾಗಿ ಆಗಲೇ, ೧೯೭೭ರ ಜುಲೈನಲ್ಲಿ, ಆ ಮಾತಿಗೆ ಏಟು ಬಿದ್ದದ್ದು.

ವಿಶ್ವವಿದ್ಯಾಲಯದಿಂದ ಏಳು ನೋಟೀಸುಗಳು ಬಂದವು. ಬಿ.ಎ. ಎರಡನೆಯ ವರ್ಷದ ಏಳು ಹುಡುಗಿಯರು ಫ್ರಾನ್ಸಿನ ಕ್ರಾಂತಿಯ ಕಾರಣಗಳನ್ನು ಕುರಿತು ಒಂದೇ ಉತ್ತರವನ್ನು ಅಕ್ಷರಕ್ಕೆ ಅಕ್ಷರ ಕೂಡುವಂತೆ ಬರೆದಿದ್ದರು. ಅದಕ್ಕಿಂತ ವಿಚಿತ್ರವೆಂದರೆ, ಏಳೂ ಮಂದಿ 'ಮೊದಲನೆಯದಾಗಿ', 'ಎರಡನೆಯದಾಗಿ' ಎಂದು ಬರೆದ ಮೇಲೆ ನೇರ 'ನಾಲ್ಕನೆಯದಾಗಿ' ಎಂದು ಹಾರಿದ್ದರು. ಮೂರನೆಯ ಕಾರಣ ಏಳು ಕಡೆಯೂ ಇರಲಿಲ್ಲ. ಹುಡುಗಿಯರು ಕುಳಿತದ್ದು ಮೂರು ಬೇರೆ ಬೇರೆ ಕೋಣೆಗಳಲ್ಲಿ. ಹಾಗಾದರೆ ಒಂದೇ ಕೈಯಿಂದ ಹೊರಟ ಚೀಟಿ ಮೂರೂ ಕೋಣೆಗೆ ಹೋಗಿರಬೇಕು, ಬರೆದವರು ಅವಸರದಲ್ಲಿ ಒಂದು ಅಂಶ ಬಿಟ್ಟಿರಬೇಕು ಎಂಬುದು ಮೌಲ್ಯಮಾಪಕರ ಅನುಮಾನ. ಮೂರೂ ಕೋಣೆಗಳಿಗೆ ಅಡ್ಡಿಯಿಲ್ಲದೆ ಓಡಾಡುವ ಅಧಿಕಾರವಿದ್ದವರು ಒಬ್ಬರೇ, ಹಿರಿಯ ಮೇಲ್ವಿಚಾರಕಿ. ಇತಿಹಾಸ ಕಲಿಸುತ್ತಿದ್ದವರೂ ಅವರೇ. ಕಾಗದದಲ್ಲಿ ಆ ಮಾತು ಇರಲಿಲ್ಲವಾದರೂ ಅಧ್ಯಾಪಕರ ಕೋಣೆಯ ಚಹಾದ ಕಪ್ಪುಗಳ ನಡುವೆ ಅದು ಕೇಳಿಸಿತು. "ಬುಟ್ಟಿ ಇಟ್ಟವರ ಕೈಯಿಂದನ ಚೀಟಿ ಹೊಂಟೈತಿ" ಎಂದು ಯಾರೋ ನಕ್ಕರು.

ಪ್ರಾಚಾರ್ಯ ಗುರುಪುತ್ರಪ್ಪ ಮೆಳವಂಕಿಯವರು ಒಳ್ಳೆಯವರು, ಸ್ವಲ್ಪ ಅಂಜುಬುರುಕರು. ಅಕ್ಕಾವರನ್ನು ಕರೆದು, "ಹುಡುಗ್ಯಾರು ಕಾಪಿ ಮಾಡ್ಯಾರ, ನಮಗ ಗೊತ್ತಾಗಲಿಲ್ಲ ಅಂತ ಬರದು ಸಹಿ ಮಾಡಿಬಿಡ್ರಿ. ನಿಮ್ಮ ಹೆಸರು ಉಳೀತೈತಿ, ಕಾಲೇಜಿನ ಹೆಸರೂ ಉಳೀತೈತಿ" ಎಂದರು.

"ಹುಡುಗ್ಯಾರ ವರ್ಷ?"

"ಮೂರು ವರ್ಷ ಹೋಗತಾವು. ನಾವೇನು ಮಾಡೂದು?"

"ಕೇಳಿ ಬರದುಕೊಡ್ತೇನ್ರಿ ಸರ್," ಎಂದು ಅಕ್ಕಾವರು ಎದ್ದರು. "ಕೇಳಲಾರದ ಸಹಿ ಮಾಡಿದ್ರ ಅದೂ ಕಾಪಿನ ಅಲ್ರಿ? ಇನ್ನೊಬ್ಬರು ಬರದದ್ದರ ಕೆಳಗ ನನ್ನ ಹೆಸರು."

ಮೊದಲು ಬಂದವಳು ಸಾತವ್ವ. ಖಾನಾಪುರದ ಹತ್ತಿರದ ಹಳ್ಳಿಯ ರೈತರ ಮಗಳು, ಬಾಯಿ ಜೋರು. ನೋಟೀಸು ಬಂದ ಏಳು ಮಂದಿಯೂ ಆ ಕಡೆಯವರೇ. ದಿನಾಲೂ ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ಖಾನಾಪುರದಿಂದ ಬೆಳಗಾವಿಗೆ ಬಂದು ಹೋಗುವವರು. ಸಾತವ್ವ ಕಣ್ಣು ಒರೆಸಿಕೊಳ್ಳುತ್ತ, ಅದರ ನಡುವೆಯೇ ಸಿಟ್ಟಾಗಿ, "ನಾವು ಚೀಟಿ ಕಣ್ಣಿಂದ ಕಂಡಿಲ್ರಿ ಅಕ್ಕಾವ್ರ. ನನ್ನ ಅವ್ವನ ಆಣಿ" ಎಂದಳು.

"ಹಂಗಾದ್ರ ಮೂರನೇ ಕಾರಣ ಎಲ್ಲಿ ಹೋತು?"

ಸಾತವ್ವ ಅಳುವುದನ್ನು ನಿಲ್ಲಿಸಿ ಅವರ ಮುಖ ನೋಡಿದಳು. "ಮೂರನೇದ್ದು ಅಂತ ಒಂದು ಇತ್ತೇನ್ರಿ?"

ಅಕ್ಕಾವರಿಗೆ ಆ ಕ್ಷಣದಲ್ಲಿ ನಗು ಬಂತೋ ದಿಗಿಲಾಯಿತೋ ಅವರಿಗೇ ತಿಳಿಯಲಿಲ್ಲವಂತೆ. ಚೀಟಿ ನೋಡಿ ಬರೆದವಳು ಹೀಗೆ ಕೇಳಲಾರಳು. ಎರಡಾದ ಮೇಲೆ ನಾಲ್ಕು ಹೇಗೆ ಬಂತೆಂದು ಕೇಳಿದರೆ, "ನಮಗ ಕೇಳಿದ್ದು ಹಂಗ ಐತ್ರಿ" ಎಂಬ ಉತ್ತರ. ಯಾರಿಂದ ಕೇಳಿದ್ದು? "ಪದ್ಮವ್ವ ಓದ್ತಾಳ್ರಿ, ನಾವು ಕೇಳ್ತೇವ್ರಿ. ಗಾಡ್ಯಾಗ." ಪದ್ಮವ್ವ ಅದೇ ಗಾಡಿಯ ಎಂಟನೆಯ ಹುಡುಗಿ. ಅವಳಿಗೆ ನೋಟೀಸು ಬಂದಿರಲಿಲ್ಲ. ಅವಳ ಉತ್ತರದಲ್ಲಿ ಐದೂ ಕಾರಣಗಳಿದ್ದವು.

ಇಷ್ಟು ಕೇಳಿ ಇನ್ನೊಬ್ಬರಾದರೆ ಹುಡುಗಿಯರ ಹೇಳಿಕೆ ಬರೆಸಿಕೊಂಡು ಮುಗಿಸುತ್ತಿದ್ದರು. ಅಕ್ಕಾವರು ಅಂದು ಸಂಜೆಯೇ ಖಾನಾಪುರಕ್ಕೆ ಹೋಗಿ ತಂಗಿಯ ಮನೆಯಲ್ಲಿ ಉಳಿದು, ಮರುದಿನ ಬೆಳಿಗ್ಗೆ ಟಿಕೆಟ್ ತೆಗೆಸಿ ಹೆಂಗಸರ ಡಬ್ಬಿಯನ್ನು ಹತ್ತಿದರು.

ಡಬ್ಬಿಯಲ್ಲಿ ಮೊಸರಿನ ಗಡಿಗೆ, ಸೊಪ್ಪಿನ ಗಂಟು, ಕೋಳಿಯ ಬುಟ್ಟಿ, ಅವುಗಳ ನಡುವೆ ಜಡೆ ಹಾಕಿಕೊಂಡ ಹುಡುಗಿಯರು. ಅಕ್ಕಾವರನ್ನು ಕಂಡು ಹುಡುಗಿಯರು ಎದ್ದು ನಿಂತರು. ಮೊಸರು ಮಾರುವ ಕಾಡವ್ವ ಮಾತ್ರ ಜರುಗಿ ಜಾಗ ಕೊಟ್ಟು, "ಕುಂದರ್ರಿ ಬಾಯಾರ. ಇಲ್ಲಿ ಸುಮ್ಕ ಕುಂದರಬೇಕ್ರಿ, ಸಾಲಿ ನಡೀತೈತಿ" ಎಂದಳು. ಗಾರ್ಡಿನ ಶಿಳ್ಳೆ ಬಿತ್ತು. ಪದ್ಮವ್ವ ಕಿಟಕಿಯ ಪಕ್ಕ ಕುಳಿತು ಪುಸ್ತಕ ತೆರೆದು ಗಟ್ಟಿಯಾಗಿ ಓದತೊಡಗಿದಳು. ಒಂದು ವಾಕ್ಯ ಅವಳು ಓದಿದರೆ ಉಳಿದವರು ಒಟ್ಟಿಗೆ ಹೇಳುವರು, ಮತ್ತೆ ಅವಳು, ಮತ್ತೆ ಅವರು. ಕನ್ನಡದಲ್ಲಿ ಇತಿಹಾಸದ ಪುಸ್ತಕಗಳೇ ವಿರಳವಾಗಿದ್ದ ಕಾಲ. ಪದ್ಮವ್ವನ ಸೋದರಮಾವ ಕೊಟ್ಟ ಹಳೆಯ ಪ್ರತಿಯೊಂದೇ ಎಂಟು ಮಂದಿಗೆ ಗತಿ. ಆದರೆ ಈ ಹುಡುಗಿಯರಿಗೆ ಅದೊಂದು ಕೊರತೆಯೆಂದು ಅನಿಸಿರಲಿಲ್ಲ. ಬೀಸುವಾಗ ಅವ್ವ ಹಾಡಿದ್ದನ್ನು ಕೇಳಿಯೇ ನೂರು ಹಾಡು ಕಲಿತವರು, ಮಠದಲ್ಲಿ ಅಜ್ಜನ ಬಾಯಿಂದ ಕೇಳಿಯೇ ವಚನ ಕಲಿತವರು. ಕಿವಿಯ ಮೇಲೆ ಬಿದ್ದದ್ದನ್ನು ಹಾಗೆಯೇ ಹಿಡಿದಿಡುವುದು ಅವರಿಗೆ ಮನೆಯಿಂದ ಬಂದ ವಿದ್ಯೆ.

ಅಷ್ಟರಲ್ಲಿ ಗಾಡಿ ಸೇತುವೆಯ ಮೇಲೆ ಬಂತು. ಕಬ್ಬಿಣದ ತೊಲೆಗಳ ನಡುವೆ ಗಡಗಡ ಎಂಬ ಸದ್ದು ಎದ್ದು, ಪಕ್ಕದವರ ಮಾತೂ ಕೇಳದಂತಾಯಿತು. ಪದ್ಮವ್ವನ ತುಟಿ ಆಡುತ್ತಲೇ ಇತ್ತು. ಅವಳು ಪುಸ್ತಕದಿಂದ ಕಣ್ಣು ಎತ್ತಲಿಲ್ಲ. ಹುಡುಗಿಯರು ಬಾಯಿ ಮುಚ್ಚಿ ಸುಮ್ಮನೆ ಕುಳಿತರು. ಸೇತುವೆ ದಾಟಿತು, ಸದ್ದು ಇಳಿಯಿತು, ಪದ್ಮವ್ವ ಎಲ್ಲಿದ್ದಳೋ ಅಲ್ಲಿಂದ ಹುಡುಗಿಯರು ಮತ್ತೆ ಹಿಡಿದುಕೊಂಡರು. ನಡುವೆ ಬಿದ್ದು ಹೋದದ್ದನ್ನು ಯಾರೂ ಕೇಳಲಿಲ್ಲ.

"ಪೂಲ್ ಬಂದಾಗ ಯಾಕ ನಿಲ್ಲಸೂದಿಲ್ಲ ಪದ್ಮವ್ವ?"

"ನಿಲ್ಲಿಸಿದ್ರ ಬೆಳಗಾವಿ ಬರೂದ್ರಾಗ ಪಾಠ ಮುಗಿಯೂದಿಲ್ರಿ ಅಕ್ಕಾವ್ರ. ಮತ್ತ ಇವರಿಗಿ ಕೇಳೂದಿಲ್ಲ ಅಂತ ನನಗೆಲ್ಲಿ ಗೊತ್ರಿ? ನನ್ನ ದನಿ ನನಗ ಕೇಳತೈತಿ."

ಒಂದು ಪಾಠವನ್ನು ಬಾಯಿಪಾಠವಾಗುವ ತನಕ ವಾರಗಟ್ಟಲೆ ಓದುವುದು, ದಿನಾಲೂ ಗಾರ್ಡಿನ ಶಿಳ್ಳೆಗೆ ಮೊದಲಿನಿಂದ ಆರಂಭಿಸುವುದು ಅವರ ಪದ್ಧತಿ. ಹಾಗಾಗಿ ಪ್ರತಿ ದಿನವೂ ಅದೇ ಸಾಲು ಅದೇ ಸೇತುವೆಯ ಮೇಲೆ ಬೀಳುತ್ತಿತ್ತು. ಅಕ್ಕಾವರು ಇನ್ನೂ ಯೋಚಿಸುತ್ತಿರುವಾಗಲೇ ಪಕ್ಕದಲ್ಲಿ ಕುಳಿತಿದ್ದ ಕಾಡವ್ವ ಎಲೆಯಡಿಕೆಯನ್ನು ದವಡೆಗೆ ಸರಿಸಿ, "ಹ್ವಾದ ವರ್ಷದ್ದು ಇದಕ್ಕಿಂತ ಚಲೋ ಇತ್ರಿ. ಫ್ರಾನ್ಸಿನ ರಾಜಾಂದು. ಹೇಳ್ಲೇನ್ರಿ?" ಎಂದವಳೇ, ಹಾಡಿನ ರಾಗದಲ್ಲಿ ಒಪ್ಪಿಸತೊಡಗಿದಳು. ಮೊದಲನೆಯದಾಗಿ ಮೇಲಿನವರು ಕೆಳಗಿನವರನ್ನು ತುಳಿದದ್ದು, ಎರಡನೆಯದಾಗಿ ರಾಜನ ದರ್ಪ, ನಾಲ್ಕನೆಯದಾಗಿ ಬುದ್ಧಿವಂತರ ಮಾತು ಜನರ ಕಿವಿಗೆ ಬಿದ್ದದ್ದು, ಐದನೆಯದಾಗಿ ರೊಟ್ಟಿಯ ಬರ.

"ಮೂರನೇದ್ದು, ಕಾಡವ್ವ?"

"ಮೂರನೇದ್ದು ಪೂಲಿನಾಗ ಬೀಳತೈತ್ರಿ," ಎಂದಳು ಕಾಡವ್ವ, ಅದೇನು ದೊಡ್ಡ ಸಂಗತಿ ಎಂಬಂತೆ. ಇಡೀ ಡಬ್ಬಿ ನಕ್ಕಿತು. ನಗಲಾರದೆ ಕುಳಿತವರು ಅಕ್ಕಾವರೊಬ್ಬರೇ. ಹತ್ತೊಂಬತ್ತು ವರ್ಷದಿಂದ ಪಾಠ ಹೇಳುತ್ತ ಬಂದ ತಾವು, ಈ ಹುಡುಗಿಯರು ಹೇಗೆ ಓದುತ್ತಾರೆಂದು ಒಂದು ದಿನವೂ ಕೇಳಿರಲಿಲ್ಲವಲ್ಲ ಎಂಬ ಮಾತು ಅವರ ಮನಸ್ಸಿನಲ್ಲಿ ನಟ್ಟಿತ್ತು.

ಗಾಡಿ ಬೆಳಗಾವಿಯ ಹತ್ತಿರ ಬಂದಾಗ ಅವರು ಹುಡುಗಿಯರನ್ನು ಎಣಿಸಿದರು. ಪದ್ಮವ್ವನನ್ನು ಬಿಟ್ಟರೆ ಆರು. "ಗೌರವ್ವ ಎಲ್ಲಿ?" ಎಂದರು. ಸಾತವ್ವ ಹೇಳಿದಳು: "ಅಕಿ ಇಲ್ಲೇ ಬೆಳಗಾವಿ ಬಾಜೂಕ ಪೀರನವಾಡ್ಯಾಗ ಮಾವಶಿ ಮನ್ಯಾಗ ಇದ್ದಾಳ್ರಿ. ಮಾವಶಿಗಿ ಬಾಣಂತನ ಆದಾಗಿಂದ. ಸಂಕ್ರಾಂತಿ ಆದಮ್ಯಾಲೆ ಅಕಿ ಗಾಡಿಗಿ ಬಂದ ಇಲ್ರಿ." ಫ್ರಾನ್ಸಿನ ಪಾಠ ಆರಂಭವಾದದ್ದು ಯಾವಾಗ? "ಶಿವರಾತ್ರಿ ಆದಮ್ಯಾಲೆ ರೀ."

ಸಾತವ್ವನಿಗೆ ತಾನು ಏನು ಹೇಳಿದೆನೆಂದು ಗೊತ್ತಾಗಲಿಲ್ಲ. ಅಕ್ಕಾವರಿಗೆ ಗೊತ್ತಾಯಿತು. ಪರೀಕ್ಷೆಯಲ್ಲಿ ಗೌರವ್ವ ಕುಳಿತದ್ದು ಸಾತವ್ವನ ಹಿಂದಿನ ಬೆಂಚಿನಲ್ಲಿ.

ಅಂದು ಮಧ್ಯಾಹ್ನ ಗೌರವ್ವನನ್ನು ಒಬ್ಬಳನ್ನೇ ಕರೆದು ಕೇಳಿದರು. ಅವಳು ಸುಳ್ಳು ಹೇಳಲಿಲ್ಲ. ಹೇಳಲು ಬಾಯಿ ಬರಲಿಲ್ಲ. ಕುರಿ ಕಾಯುವ ಮನೆತನದಲ್ಲಿ ಹುಟ್ಟಿ, ಕಾಲೇಜು ಕಂಡ ಮೊದಲ ಹೆಣ್ಣುಮಗಳು ಅವಳು. ತಂದೆ ಭರಮಣ್ಣ ಹಟ್ಟಿಯನ್ನು ಬಿಟ್ಟು ರೈಲ್ವೆಯಲ್ಲಿ ಹಳಿ ರಿಪೇರಿಯ ಕೆಲಸಕ್ಕೆ ಸೇರಿದವ. ವರ್ಷ ತಪ್ಪದೆ ಪಾಸಾದರೆ ಓದಿಸುವುದು, ಒಂದು ಸಲ ತಪ್ಪಿದರೆ ಮದುವೆ ಎಂದು ಅವನ ಕರಾರು; ವರನನ್ನೂ ನೋಡಿ ಇಟ್ಟಿದ್ದ. ಚಿಕ್ಕಮ್ಮನ ಬಾಣಂತನದ ಮನೆಯಲ್ಲಿ ಕೂಸು ಆಡಿಸುತ್ತ ಓದಲಾಗದೆ ಹೋದ ಹುಡುಗಿ, ಆ ಒಂದು ಪ್ರಶ್ನೆಯಲ್ಲಿ ಮುಂದಿನವಳ ಕಾಗದದ ಮೇಲೆ ಕಣ್ಣು ಹಾಕಿದ್ದಳು.

"ನಾಳೆ ಕಮಿಟಿ ಮುಂದ ಏನು ಹೇಳ್ತಿ?" ಎಂದರು ಅಕ್ಕಾವರು.

"ನೀವು ಏನು ಹೇಳಂತೀರಿ ಅದ ಹೇಳ್ತೇನ್ರಿ."

"ಅದು ಮತ್ತ ಕಾಪಿ ಆಗತೈತಿ, ಗೌರವ್ವ."

ವಿಚಾರಣೆಯ ಸಮಿತಿಗೆ ಅಧ್ಯಕ್ಷರಾಗಿ ಬಂದವರು ಪ್ರೊ. ಕಲ್ಲಯ್ಯ ಸಾಲಿಮಠ ಎಂಬ ಹಿರಿಯ ಗಣಿತಜ್ಞರು. ಇತಿಹಾಸದ ಮಾತಿಗೆ ಗಣಿತದವರನ್ನು ಕಳಿಸಿದ್ದಾರಲ್ಲ ಎಂದು ಪ್ರಾಚಾರ್ಯರಿಗೆ ಚಿಂತೆ. ಅಕ್ಕಾವರು ಹುಡುಗಿಯರ ಓದಿನ ಪದ್ಧತಿಯನ್ನು ವಿವರಿಸಿದರು. ಸಮಿತಿಯ ಇನ್ನೊಬ್ಬ ಸದಸ್ಯರು ಕನ್ನಡಕ ಸರಿಮಾಡಿಕೊಂಡು, "ಕಥಿ ಚಲೋ ಐತ್ರಿ ಮೇಡಂ. ಹುಡುಗ್ಯಾರಿಗಿ ನೀವ ಹೇಳಿಕೊಟ್ಟಿರಬಹುದಲ್ರಿ?" ಎಂದರು. ಆಗ ಅಕ್ಕಾವರು ಬಾಗಿಲ ಕಡೆ ನೋಡಿದರು. ಅವರು ಮೊದಲೇ ಹೇಳಿ ಕರೆಸಿದ್ದ ಕಾಡವ್ವ ಒಳಗೆ ಬಂದು, ಮೊಸರಿನ ಗಡಿಗೆಯನ್ನು ತಲೆಯ ಮೇಲಿಂದ ಇಳಿಸಿ ಮೇಜಿನ ಪಕ್ಕ ಇಟ್ಟು, ಸೆರಗು ಸರಿಮಾಡಿಕೊಂಡು, ಫ್ರಾನ್ಸಿನ ಕ್ರಾಂತಿಯನ್ನು ರಾಗವಾಗಿ ಒಪ್ಪಿಸಿದಳು. ಎರಡರಿಂದ ನಾಲ್ಕಕ್ಕೆ ಅವಳೂ ಹಾರಿದಳು. ಸದಸ್ಯರು, "ನಿನಗ ಓದಾಕ ಬರತೈತೇನಬೇ?" ಎಂದು ಕೇಳಿದರು.

"ಓದಾಕ ಬಂದಿದ್ರ ಮೂರನೇದ್ದೂ ಹೇಳ್ತಿದ್ದಿಲ್ಲೇನ್ರಿ?" ಎಂದಳು ಕಾಡವ್ವ. "ಲಗೂನ ಬಿಡ್ರಿ ಯಪ್ಪಾ, ಮೊಸರು ಹುಳಿ ಆಗತೈತಿ."

ಸಾಲಿಮಠರು ಬಹಳ ಹೊತ್ತು ನಕ್ಕರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತ, ಓದು ಬರೆಹ ಬಾರದವಳ ಉತ್ತರದಲ್ಲಿಯೂ ಅದೇ ತೂತು ಇದ್ದ ಮೇಲೆ ಚೀಟಿಯ ಮಾತು ನಿಲ್ಲುವುದಿಲ್ಲವೆಂದೂ, ಏಳೂ ಹುಡುಗಿಯರ ಮೇಲಿನ ಆರೋಪವನ್ನು ಕೈಬಿಡಲು ಶಿಫಾರಸು ಮಾಡುವುದಾಗಿಯೂ ಹೇಳಿದರು. ಗೋಡೆಗೆ ಒರಗಿ ನಿಂತ ಹುಡುಗಿಯರ ಸಾಲಿನಲ್ಲಿ ಉಸಿರು ಬಿಟ್ಟ ಸಪ್ಪಳ ಕೇಳಿಸಿತು. ಪ್ರಾಚಾರ್ಯರು ಆಗಲೇ ಚಹಾಕ್ಕೆ ಹೇಳಿ ಕಳಿಸಿದ್ದರು.

ಅಕ್ಕಾವರು ಎದ್ದು ನಿಂತರು. "ಆರು ರೀ ಸರ್," ಎಂದರು. "ನಾ ಆಣಿ ಮಾಡಿ ಹೇಳಾಕ ಬರೂದು ಆರು ಮಂದಿಗೆ ಅಷ್ಟ."

ಮೆಳವಂಕಿಯವರು ಅವರ ಬಾಜೂಕೆ ಬಾಗಿ, "ಏನ್ರಿ ಇದು? ಏಳೂ ದಂಡಿಗಿ ಬಂದಾವಲ್ರಿ, ಬಿಡ್ರಿ" ಎಂದು ಪಿಸುಗುಟ್ಟಿದರು. ಅಕ್ಕಾವರು ಕದಲಲಿಲ್ಲ. ಯಾರ ಹೆಸರನ್ನೂ ಹೇಳಲಿಲ್ಲ, ಹುಡುಗಿಯರ ಕಡೆ ತಿರುಗಿಯೂ ನೋಡಲಿಲ್ಲ. ಗಂಟೆಗೆ ಮೊದಲು ಬುಟ್ಟಿಗೆ ಬೆನ್ನು ಮಾಡಿ ನಿಲ್ಲುವವರ ಹಾಗೆ ನಿಂತೇ ಇದ್ದರು. ಗೌರವ್ವ ಬಾಯಿ ತೆರೆಯದಿದ್ದರೆ ಸಂಜೆಯೊಳಗೆ ನಾನೇ ಬರೆದುಕೊಡಬೇಕಾಗುತ್ತಿತ್ತು, ಬರೆದುಕೊಟ್ಟೇ ಬಿಡುತ್ತಿದ್ದೆ ಎಂದು ಅವರು ಮುಂದೆ ಆಪ್ತರಲ್ಲಿ ಹೇಳಿದ್ದುಂಟು. ಆ ಮೌನದಷ್ಟು ಉದ್ದವಾದ ಪಾಠವನ್ನು ತಾವು ಇನ್ನೊಂದು ಮಾಡಲಿಲ್ಲವೆಂದೂ ಹೇಳಿದ್ದುಂಟು.

ಸಾಲಿನ ತುದಿಯಿಂದ ದನಿ ಬಂತು. "ನಾ ಆ ಗಾಡ್ಯಾಗ ಇರಲಿಲ್ರಿ ಸರ್."

ಸಾತವ್ವ ತಿರುಗಿ ಅವಳ ಕೈ ಹಿಡಿದಳು. ಚಹಾ ಬಂತು; ಯಾರೂ ಮುಟ್ಟಲಿಲ್ಲ.

ಒಪ್ಪಿಕೊಂಡವಳೆಂದು ಸಮಿತಿ ಗೌರವ್ವನಿಗೆ ಮೂರು ವರ್ಷದ ಶಿಕ್ಷೆ ಹೇಳಲಿಲ್ಲ. ಆ ಒಂದು ಪತ್ರಿಕೆ ರದ್ದಾಯಿತು, ಅಕ್ಟೋಬರದಲ್ಲಿ ಮತ್ತೆ ಕೂಡಬಹುದೆಂದಾಯಿತು. ಆದರೆ ಅವಳ ಅಪ್ಪನ ಕರಾರಿಗೆ ಅಕ್ಟೋಬರ ಗೊತ್ತಿರಲಿಲ್ಲ. ಆ ರವಿವಾರ ಅಕ್ಕಾವರು ಖಾನಾಪುರದಲ್ಲಿ ಭರಮಣ್ಣನ ಮನೆ ಹುಡುಕಿಕೊಂಡು ಹೋದರು. ಸುದ್ದಿ ಅವರಿಗಿಂತ ಮೊದಲೇ ಮುಟ್ಟಿತ್ತು. ಭರಮಣ್ಣ ಕಂಬಳಿ ಹಾಸಿ, ಕುಡಿಯಲು ಕೊಟ್ಟು, ತಲೆ ಬಗ್ಗಿಸಿ ಕುಳಿತ.

"ನಾವು ಕುರಿ ಕಾಯ್ದ ಮಂದಿ ರೀ ಅಕ್ಕಾವ್ರ," ಎಂದ. "ಮತ್ತೊಬ್ಬರ ಹಿಂಡಿನ ಮರಿ ನಮ್ಮ ಹಿಂಡಿನ್ಯಾಗ ಬಂದ್ರ ಹತ್ತು ಹರದಾರಿ ನಡದಾರೂ ತಿರುಗಿ ಕೊಟ್ಟು ಬರ್ತೇವ್ರಿ. ಅಂಥಾ ಮನಿತನದಾಗ ಹುಟ್ಟಿ ಈಕಿ ಹಿಂಗ ಮಾಡಿದ್ಲು. ನಾ ಯಾರಿಗಿ ಮಾರಿ ತೋರಿಸಲ್ರಿ?"

"ನಿಮ್ಮ ಮಗಳು ಕೊಟ್ಟು ಬಂದಾಳ ಭರಮಣ್ಣ," ಎಂದರು ಅಕ್ಕಾವರು. "ಅಕಿನ್ನ ಯಾರೂ ಹಿಡಿದಿದ್ದಿಲ್ಲ. ಕಮಿಟಿ ಬಿಟ್ಟ ಬಿಟ್ಟಿತ್ತು. ತಾನ ನಡಕೊಂಡು ಹೋಗಿ ಕೊಟ್ಟು ಬಂದಾಳ. ಅದನ್ನ ಹೇಳಾಕಂತ ನಾ ಬಂದೇನಿ."

ಭರಮಣ್ಣ ಕಂಬಳಿಯ ಅಂಚನ್ನು ಬೆರಳಿನಿಂದ ತೀಡಿದ. ಬಾಗಿಲ ಮರೆಯಲ್ಲಿ ಗೌರವ್ವ ನಿಂತಿದ್ದಳು. ಅವನು ಅವಳನ್ನು ಕರೆಯದೆ, ಅಕ್ಕಾವರನ್ನೇ ನೋಡುತ್ತ, "ಅಕ್ಟೋಬರ ಅಂದ್ರ ದಸರಾ ಮುಂದೋ ಹಿಂದೋ?" ಎಂದು ಕೇಳಿದ. ಮದುವೆ ಮುಂದಕ್ಕೆ ಹೋಯಿತೆಂಬುದಕ್ಕೆ ಅಷ್ಟೇ ಸಾಕಾಗಿತ್ತು.

ಆ ಅಕ್ಟೋಬರದಲ್ಲಿ ಗೌರವ್ವ ಪಾಸಾದಳು. ಗಾಡಿಯ ಹುಡುಗಿಯರ ಪೈಕಿ ಅವಳದೇ ಕಡಿಮೆ ಅಂಕ. ಫಲಿತಾಂಶ ಬಂದ ದಿನ ಅಕ್ಕಾವರು ಅಧ್ಯಾಪಕರ ಕೋಣೆಯಲ್ಲಿ ಎಲ್ಲರಿಗೂ ಫೇಡೆ ಹಂಚಿದರು, ಬುಟ್ಟಿಯ ಮಾತು ಆಡಿ ನಕ್ಕವರಿಗೆ ಎರಡೆರಡು.

ಅಂದಿನಿಂದ ಅವರ ಪಾಠದ ರೀತಿಯೂ ಬದಲಾಯಿತು. ಗ್ರಂಥಾಲಯಕ್ಕೆ ಪುಸ್ತಕಗಳ ಪ್ರತಿ ಹೆಚ್ಚು ತರಿಸಿ, ದೂರದಿಂದ ಬರುವವರಿಗೆ ಮೊದಲು ಕೊಡುವ ನಿಯಮ ಮಾಡಿಸಿದರು. ಬರೆಸಿಕೊಡುವ ಟಿಪ್ಪಣಿಗಳನ್ನು ನಿಲ್ಲಿಸಿದರು. ಆ ಆರು ಮಂದಿ ಕಳವು ಮಾಡಿರಲಿಲ್ಲ, ನಿಜ. ಆದರೆ ಎರಡರ ನಂತರ ನಾಲ್ಕು ಬಂದರೂ ಯಾಕೆಂದು ಕೇಳದೆ ಬರೆದದ್ದು ವಿದ್ಯೆಯೂ ಅಲ್ಲವೆಂದು ಅವರಿಗೆ ತಿಳಿದಿತ್ತು. ತರಗತಿಯಲ್ಲಿ ಬೇಕೆಂದೇ ಒಂದು ಕಾರಣವನ್ನು ಬಿಟ್ಟು ಮುಂದೆ ಹೋಗುತ್ತಿದ್ದರು. ಯಾರಾದರೂ ಎದ್ದು ಕೇಳುವ ತನಕ ಪಾಠ ಅಲ್ಲಿಗೇ ನಿಲ್ಲುತ್ತಿತ್ತು. ೧೯೮೨ರಲ್ಲಿ ಪ್ರಾಚಾರ್ಯರಾದ ಮೇಲೂ ವಾರಕ್ಕೆರಡು ತರಗತಿಗಳನ್ನು ಬಿಟ್ಟುಕೊಡಲಿಲ್ಲ. ಹಿಂದಿನ ಗೋಡೆಗೆ ಏಣಿ ಹಚ್ಚುವವರು ತಾವಾಗಿಯೇ ಕಡಿಮೆಯಾದರು. ಎದುರಿನ ಚಹಾದಂಗಡಿಯವನು ಮಾತ್ರ ಇಂದಿಗೂ, "ಅಕ್ಕಾವ್ರಿಂದ ನನ್ನ ಧಂದೆ ಕುಂತೈತ್ರಿ" ಎಂದು ಬೈಯುತ್ತ, ಅವರು ಹೋದರೆ ದುಡ್ಡು ತೆಗೆದುಕೊಳ್ಳುವುದಿಲ್ಲ.

ಈ ಸಂಪುಟಕ್ಕೆ ಈ ಪ್ರಸಂಗವನ್ನು ಬರೆಯಬೇಕೆಂದಾಗ ಅಕ್ಕಾವರು ಒಪ್ಪಲಿಲ್ಲ. ತಮ್ಮನ್ನು ಹೊಗಳಲು ಒಬ್ಬ ಹುಡುಗಿಯ ತಪ್ಪನ್ನು ಅಚ್ಚು ಹಾಕಿಸುವುದು ಬೇಡ, ಬೇಕಾದರೆ ಹೆಸರು ಬದಲಿಸಿ ಬರೆಯಿರಿ ಎಂದರು. ಅಭಿನಂದನ ಸಮಿತಿಯವರು ಕೇಳಲು ಹೋದಾಗ, ಖಾನಾಪುರ ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ಶಿಕ್ಷಕಿಯಾಗಿರುವ ಗೌರವ್ವ ಭರಮಣ್ಣ ಅವರು ತರಗತಿಯ ನಡುವೆಯೇ ಹೊರಗೆ ಬಂದು, ಕೈಯ ಸೀಮೆಸುಣ್ಣದ ಪುಡಿ ಝಾಡಿಸುತ್ತ, "ಹೆಸರು ಬದಲಿ ಮಾಡಬ್ಯಾಡ್ರಿ" ಎಂದರು. "ಅಕ್ಕಾವ್ರು ಅವತ್ತು ನನ್ನ ಹೆಸರು ಹೇಳಲಿಲ್ಲ, ನಾನ ಹೇಳಿದೆ. ಇವತ್ತೂ ನಾನ ಹೇಳ್ತೇನಿ. ಬರಕೋರ್ರಿ."

ಆದ್ದರಿಂದ ಹೆಸರು ಇದ್ದಂತೆಯೇ ಇದೆ. ಇಂಥ ಶಿಷ್ಯೆಯನ್ನು ಪಡೆದ ಗುರುವಿಗೆ ನಿವೃತ್ತಿ ಎಂಬುದು ಕಚೇರಿಯ ಒಂದು ಹೇಳಿಕೆ ಮಾತ್ರ. ರಾಮತೀರ್ಥ ನಗರದ ಮನೆಯ ಪಡಸಾಲೆಯಲ್ಲಿ ಈಗಲೂ ರವಿವಾರ ಯಾರೋ ಒಬ್ಬರು ಓದುತ್ತಾ ಕುಳಿತಿರುತ್ತಾರೆ. ಆ ಪಡಸಾಲೆ ಎಂದೂ ಬರಿದಾಗದಿರಲಿ. ಪೂಜ್ಯ ಗಂಗಾದೇವಿ ಅಕ್ಕಾವರು ನೂರು ವರ್ಷ ಕಣ್ಣು, ಕಿವಿ ಚುರುಕಾಗಿದ್ದು, ತಪ್ಪಿದವರನ್ನು ಹಿಡಿಯುತ್ತ, ಹಿಡಿದವರಿಗೆ ಉಣ್ಣಲಿಕ್ಕುತ್ತ, ನಮ್ಮ ನಡುವೆ ಇರಲಿ.